ನಾಯಕ ಎಂದರೆ ಯಾವ ನಾಯಕ?

"ನಾಯ್ಕ ಅಂದ್ರೆ ಯಾವ ನಾಯ್ಕರು?" ದಾವಣಗೆರೆ ಜಿಲ್ಲೆಯಲ್ಲಿ ಹೊಸಬರೊಬ್ಬರು ತಮ್ಮ ಹೆಸರು ಹೇಳಿದ ಕೂಡಲೇ ಎದುರಿನವರ ಬಾಯಿಂದ ಬರುವ ಪ್ರಶ್ನೆ ಇದು. ನೇರವಾಗಿ ಕೇಳಲು ಸಂಕೋಚಪಡುವವರು ಸುತ್ತಿ ಬಳಸಿ ಕೇಳುತ್ತಾರೆ: "ನಿಮ್ದು ನ್ಯಾಮತಿ ಕಡೆ ತಾಂಡಾನಾ, ಇಲ್ಲ ಜಗಳೂರು ಕಡೆಯಾ?" ಜಾತಿ ತಿಳಿಯುವ ಈ ಕುತೂಹಲವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಪ್ರಶ್ನೆಯೊಳಗೆ ಒಂದು ತಿಳಿವಳಿಕೆ ಇದೆ. ಹೆಸರಿನ ಕೊನೆಯ ಪದ ಕೇಳಿದ ಮಾತ್ರಕ್ಕೆ ಮನುಷ್ಯ ಯಾರೆಂದು ಗೊತ್ತಾಗುವುದಿಲ್ಲ ಎಂಬುದು ಕೇಳುವವರಿಗೂ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಇರುವ ಈ ತಿಳಿವಳಿಕೆ ಇತಿಹಾಸದ ಭಾಷಣ ಶುರುವಾದಾಗ, ಸರ್ಕಾರಿ ಪಟ್ಟಿ ತಯಾರಾಗುವಾಗ ಮಾತ್ರ ಎಲ್ಲಿಗೋ ಹೋಗಿಬಿಡುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಯಕ ಎಂಬ ಹೆಸರಿನ ಕಥೆ ಬಹುಮಟ್ಟಿಗೆ ಇಲ್ಲೇ ಸಿಗುತ್ತದೆ. ಇವು ಮೊದಲಿನಿಂದ ಒಂದು ಜಿಲ್ಲೆಯವಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹೊನ್ನಾಳಿಯೊಳಗಿದ್ದ ನ್ಯಾಮತಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅವರ ಹೆಸರಿನ ಪಟೇಲ ಗುಜರಾತಿನ ಪಟೇಲ ಅಲ್ಲವೆಂದು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದು ಊರ ಪಟೇಲಿಕೆಯಿಂದ ಬಂದದ್ದು. ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಎಲ್ಲ ಹೋದವು. ಹುದ್ದೆ ಹೋದರೂ ಹೆಸರು ಹೋಗಲಿಲ್ಲ. ನಾಯಕ ಎಂಬುದೂ ಹೀಗೆ ಹುದ್ದೆಯಿಂದ ಉಳಿದ ಹೆಸರೇ. ವ್ಯತ್ಯಾಸವೆಂದರೆ ಪಟೇಲಿಕೆ ಊರಿಗೊಂದು, ನಾಯಕತನ ಸಾವಿರ ವರ್ಷಗಳಲ್ಲಿ ಹತ್ತಾರು ಬಗೆಯದು.

ಹೊಯ್ಸಳರ ಕಾಲದ ಶಾಸನಗಳಲ್ಲಿ, ಊರಾಚೆಯ ವೀರಗಲ್ಲುಗಳಲ್ಲಿ ನಾಯಕರು ಸಿಗುತ್ತಾರೆ. ದಂಡಿನ ಒಂದು ತುಕಡಿ ನಡೆಸಿದವನೂ ನಾಯಕ, ತುರುಗಾಳಗದಲ್ಲಿ ಸತ್ತ ಊರ ಮುಖಂಡನೂ ನಾಯಕ. ವಿಜಯನಗರದ ಕಾಲಕ್ಕೆ ಆ ಪದ ಬಹಳ ಮೇಲೇರಿತು. ಸೀಮೆಯೊಂದನ್ನು ಅನುಭವಿಸಿ, ಕೇಳಿದಾಗ ಇಷ್ಟು ಕಾಲಾಳು, ಇಷ್ಟು ಕುದುರೆ ಒದಗಿಸಬೇಕಾದವನು ಅಮರನಾಯಕ. ಆ ಏರ್ಪಾಟಿಗೇ ನಾಯಂಕರ ಎಂಬ ಹೆಸರು. ಕೆಳಮುಖವಾಗಿಯೂ ಪದ ಹರಿಯಿತು. ಈಸ್ಟ್ ಇಂಡಿಯಾ ಕಂಪನಿಯ ದೇಶೀ ಪಲ್ಟನ್ನುಗಳಲ್ಲಿ ನಾಯಕ್ ಎಂದರೆ ಹವಾಲ್ದಾರನಿಗಿಂತ ಕೆಳಗಿನ ಸಣ್ಣ ಅಧಿಕಾರಿ. ಇಂದಿನ ಸೇನೆಯಲ್ಲೂ ಹಾಗೇ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಕೊಂಡು ಜೀವಂತ ಹೊರಬಂದು, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರನ್ನು ನಾವೆಲ್ಲ ಇಂದಿಗೂ ಲ್ಯಾನ್ಸ್ ನಾಯಕ್ ಹನುಮಂತಪ್ಪ ಎಂದೇ ನೆನೆಯುತ್ತೇವೆ. ಹುದ್ದೆ ಹೆಸರಿಗೆ ಅಂಟಿಕೊಳ್ಳುವುದು ಹೀಗೆ. ಇನ್ನೂರು ವರ್ಷ ಹಿಂದೆ ಆಗಿದ್ದರೆ ಅವರ ಮೊಮ್ಮಕ್ಕಳೆಲ್ಲ ನಾಯಕರಾಗಿರುತ್ತಿದ್ದರು.

ಇಂಗ್ಲಿಷಿನವರಲ್ಲೂ ಇಂಥ ಹೆಸರುಗಳಿವೆ. ಮಾರ್ಷಲ್ ಎಂಬ ಮನೆತನದವರ ಮೂಲಪುರುಷ ಅರಮನೆಯ ದೊಡ್ಡ ಅಧಿಕಾರಿಯೂ ಆಗಿರಬಹುದು, ಕುದುರೆಗೆ ಲಾಳ ಹೊಡೆಯುವವನೂ ಆಗಿರಬಹುದು. ಪದ ಹುಟ್ಟಿದ್ದು ಕುದುರೆ ಲಾಯದಲ್ಲಿ, ಆಮೇಲೆ ದರ್ಬಾರಿಗೆ ಹೋಯಿತು. ಲೀ ಎಂಬ ಹೆಸರಿನ ಸಂಗತಿ ಬೇರೆ: ಇಂಗ್ಲಿಷರ ಲೀಗೆ ಕಾಡು ಕಡಿದ ಬಯಲು ಎಂಬ ಅರ್ಥ, ಚೀನಿಯರ ಲೀ ಪ್ಲಮ್ ಮರದ ಹೆಸರಿನದು. ಅಲ್ಲಿ ಎರಡು ಬೇರೆ ಪದಗಳು ಉಚ್ಚಾರದಲ್ಲಿ ಆಕಸ್ಮಿಕವಾಗಿ ಒಂದಾದವು. ನಮ್ಮ ನಾಯಕ ಆ ಜಾತಿಯದ್ದಲ್ಲ. ಪದ ಒಂದೇ, ಅದನ್ನು ಹೊತ್ತವರು ಬೇರೆ ಬೇರೆ. ಗೊಂದಲ ಹೆಚ್ಚಾಗುವುದೂ ಅದರಿಂದಲೇ. ಪದ ಒಂದೇ ಆದ್ದರಿಂದ ಜನವೂ ಒಂದೇ ಇರಬೇಕು ಎಂದು ಎಣಿಸುವುದು ಸುಲಭ.

ಅದು ಸುಳ್ಳೆಂದು ತೋರಿಸಲು ಮಾಯಕೊಂಡದ ಬಯಲು ಸಾಕು. ಚನ್ನಗಿರಿಗೆ ಮಾಯಕೊಂಡ ದೂರವೇನಲ್ಲ. 1748ರಲ್ಲಿ ಅಲ್ಲಿ ನಡೆದ ಕಾಳಗದಲ್ಲಿ ಒಂದು ಕಡೆ ಚಿತ್ರದುರ್ಗದ ಹಿರೇ ಮದಕರಿ ನಾಯಕ. ಅವನ ಜೊತೆಗೆ ಆರ್ಕಾಟಿನ ಕಡೆಯ ಚಂದಾ ಸಾಹೇಬ. ಎದುರಿಗೆ ಬಿದನೂರಿನ ಸೈನ್ಯ, ಅದರ ಬೆನ್ನಿಗೆ ಹರಪನಹಳ್ಳಿ, ರಾಯದುರ್ಗ, ಸವಣೂರಿನವರು. ಬಿದನೂರಿನ ದೊರೆಯೂ ನಾಯಕ, ಹರಪನಹಳ್ಳಿಯ ಪಾಳೆಯಗಾರ ಸೋಮಶೇಖರನೂ ನಾಯಕ. ಮದಕರಿ ನಾಯಕ ಆ ಕಾಳಗದಲ್ಲಿ ಸತ್ತ. ಕೊಂದವನು ಸೋಮಶೇಖರ ನಾಯಕ ಎಂದು ಇತಿಹಾಸಕಾರರು ಬರೆದಿದ್ದಾರೆ. ಇವರಲ್ಲಿ ಚಿತ್ರದುರ್ಗದವರು ಮತ್ತು ಹರಪನಹಳ್ಳಿಯವರು ಬೇಡ ಸಮುದಾಯದವರು, ಬಿದನೂರಿನವರು ಲಿಂಗಾಯತರು. ಜಾತಿ ಒಂದಾಗಿದ್ದವರು ಎದುರಾಬದುರಾದರು, ಬೇರೆಯಾಗಿದ್ದವರು ಒಂದು ಪಕ್ಷವಾದರು. ಸತ್ತವನು, ಕೊಂದವನು, ಗೆದ್ದವನು ಎಲ್ಲರೂ ನಾಯಕರೇ ಆಗಿರುವಾಗ 'ನಾಯಕರ ಸೈನ್ಯ ಗೆದ್ದಿತು' ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ.

ಬಿದನೂರಿನವರ ವಿಷಯ ಇನ್ನೂ ಸ್ವಾರಸ್ಯದ್ದು. ಕೆಳದಿಯಲ್ಲಿ ಆ ಮನೆತನ ಶುರು ಮಾಡಿದವರು ಚೌಡಗೌಡ, ಭದ್ರಗೌಡ ಎಂಬ ಅಣ್ಣತಮ್ಮಂದಿರು. ವಿಜಯನಗರದ ಮನ್ನಣೆ ಸಿಕ್ಕ ಮೇಲೆ ಚೌಡಗೌಡ ಚೌಡಪ್ಪ ನಾಯಕನಾದ. ಮನೆಯ ಹೆಸರು ಗೌಡ, ಅಧಿಕಾರದ ಹೆಸರು ನಾಯಕ. ಆ ಮನೆತನದ ರಾಣಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚನ್ನಮ್ಮಾಜಿಯ ಹೆಸರಿನಿಂದಲೇ ಚನ್ನಗಿರಿ ಎಂಬ ಊರ ಹೆಸರು ಬಂತೆನ್ನುತ್ತಾರೆ. ಅದೇ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋದರೆ ಇನ್ನೊಬ್ಬ ನಾಯಕ ಎದುರಾಗುತ್ತಾನೆ. ನಾಲ್ಕು ಕಡೆ ಮೆಟ್ಟಿಲಿಳಿದ ದೊಡ್ಡ ಪುಷ್ಕರಿಣಿ, ನೀರಿನ ನಡುವೆ ಕಮಾನು ಕಮಾನಿನ ಮಂಟಪ, ದಡದ ಮೇಲೆ ಮುಸಾಫಿರ್‌ಖಾನೆ. ಕೊಳ ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕ. ಮುಸಾಫಿರ್‌ಖಾನೆ ಎದ್ದದ್ದು ಬಿಜಾಪುರದ ರಣದುಲ್ಲಾ ಖಾನನ ದಾಳಿಯ ಬಳಿಕ. ಹನುಮಪ್ಪ ನಾಯಕನ ಮನೆತನ ಮುಂದೆ ತರೀಕೆರೆಗೆ ಹೋಗಿ ತರೀಕೆರೆ ಪಾಳೆಯಗಾರರೆಂದು ಹೆಸರಾಯಿತು. 17ನೇ ಶತಮಾನದ ಮೊದಲರ್ಧದಲ್ಲಿ ದುರ್ಗದ ಕಸ್ತೂರಿ ರಂಗಪ್ಪ ನಾಯಕ ಸಂತೆಬೆನ್ನೂರಿನ ಮೇಲೂ ಕೈ ಚಾಚಿದ್ದ, ಜಗಳೂರನ್ನೂ ತನ್ನ ಸೀಮೆಗೆ ಸೇರಿಸಿಕೊಂಡಿದ್ದ. ಅಂದರೆ ಈ ನೆಲದಲ್ಲಿ ಎರಡು ಶತಮಾನ ಆಳಿದವರು, ಹೊಡೆದಾಡಿದವರು, ಸೋತು ಗುಳೆ ಹೋದವರು ಎಲ್ಲರ ಹೆಸರಿನ ಕೊನೆಗೂ ಒಂದೇ ಪದ. ತ.ರಾ.ಸು. ಅವರ ಕಾದಂಬರಿಗಳೂ ನಾಗರಹಾವು ಸಿನಿಮಾದ ಓಬವ್ವನೂ ನಮ್ಮ ಮನಸ್ಸಿನಲ್ಲಿ ನಾಯಕ ಎಂದರೆ ದುರ್ಗದ ನಾಯಕ ಎಂದು ಗಟ್ಟಿಯಾಗಿ ಕೂರಿಸಿಬಿಟ್ಟಿವೆ. ಉಳಿದವರು ಮರೆಗೆ ಸರಿದಿದ್ದಾರೆ.

ನ್ಯಾಮತಿ, ಹೊನ್ನಾಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಈ ಪದಕ್ಕೆ ಪಾಳೆಯಪಟ್ಟಿನ ಸಂಬಂಧವೇ ಇಲ್ಲ. ಅಲ್ಲಿ ನಾಯ್ಕ ಎಂದರೆ ತಾಂಡಾದ ಯಜಮಾನ. ಅವನ ಜೊತೆಗೆ ಕಾರಭಾರಿ, ಡಾವ್ ಎಂಬ ಹಿರಿಯರು. ಹೆಣ್ಣು ನೋಡುವುದು, ಗಂಡ ಹೆಂಡತಿ ಜಗಳ, ದನ ಹೊಲಕ್ಕೆ ನುಗ್ಗಿದ್ದು, ಹಬ್ಬದ ದಿನ ಗೊತ್ತುಮಾಡುವುದು, ಯಾವುದೇ ಇರಲಿ ನಸಾಬ್, ಅಂದರೆ ತಾಂಡಾದ ಪಂಚಾಯಿತಿ, ಕೂರುವುದು ಅವನ ಮುಂದೆ. ಬಂಜಾರರೆಂದೂ ಕರೆಸಿಕೊಳ್ಳುವ ಲಂಬಾಣಿಗರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ತಿರುಗುತ್ತಿದ್ದ ಕಾಲದಲ್ಲಿ ನಾಯ್ಕ ಇಡೀ ಹೇರೆತ್ತಿನ ಸಾಲಿಗೆ ಹೊಣೆ. ದಂಡುಗಳಿಗೆ ಕಾಳು ಒದಗಿಸುವ ಮಾತುಕತೆ ಸೇನಾಧಿಪತಿಗಳ ಜೊತೆ ಅವನೇ ನಡೆಸಬೇಕಿತ್ತು. ಸಂತ ಸೇವಾಲಾಲರ ತಂದೆಯ ಹೆಸರು ಭೀಮಾ ನಾಯ್ಕ. ಅವರು ಅಂಥದೊಂದು ತಾಂಡಾದ ನಾಯ್ಕರೇ. ಸೇವಾಲಾಲರ ಜನ್ಮಸ್ಥಳವೆಂದು ಕರ್ನಾಟಕದ ಬಂಜಾರರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಫೆಬ್ರವರಿಯ ಜಯಂತಿಗೆ ಮಾಲೆ ಹಾಕಿಕೊಂಡವರು ದೂರದೂರದ ತಾಂಡಾಗಳಿಂದ ನಡೆದು ಬರುತ್ತಾರೆ. ಅಲ್ಲಿ ಸೇರುವ ಗಂಡಸರ ಹೆಸರು ಕೇಳುತ್ತಾ ಹೋದರೆ ದಾವಣಗೆರೆ, ಶಿವಮೊಗ್ಗದವರೆಲ್ಲ ನಾಯ್ಕರು. ವಿಜಯಪುರ, ಕಲಬುರಗಿಯವರು ರಾಠೋಡ, ಚವ್ಹಾಣ, ಪವಾರ, ಜಾಧವ.

ಹಾಗಾದರೆ ಇವರು ಬೇರೆ ಅವರು ಬೇರೆಯೇ? ಅಲ್ಲ. ರಾಠೋಡ, ಪವಾರ ಎಂಬವು ಲಂಬಾಣಿಗರ ಒಳಕುಲಗಳು. ದಾವಣಗೆರೆಯ ನಾಯ್ಕನಿಗೂ ಅದರಲ್ಲೊಂದು ಇದ್ದೇ ಇರುತ್ತದೆ. ಮದುವೆ ಮಾತಿಗೆ ಕೂತಾಗ ಅದನ್ನು ಕೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಕುಲದ ಹೆಸರು ಶಾಲೆಯ ದಾಖಲೆಗೆ ಹೋಯಿತು, ನಮ್ಮ ಕಡೆ ಯಜಮಾನಿಕೆಯ ಹೆಸರು ಹೋಯಿತು. ತಾಂಡಾಕ್ಕೊಬ್ಬನೇ ಇದ್ದ ನಾಯ್ಕ ಹೀಗೆ ಮನೆಗೆ ನಾಲ್ವರಾದ. ಮಹಾರಾಷ್ಟ್ರದಲ್ಲಿ 1963ರಿಂದ 1975ರವರೆಗೆ ಮುಖ್ಯಮಂತ್ರಿಯಾಗಿದ್ದ ವಸಂತರಾವ್ ನಾಯ್ಕರೂ ಬಂಜಾರರು. ರಾಠೋಡ, ಪವಾರ ಎಂದು ಬರೆಸಿಕೊಂಡವರಿಗೂ ಗೊಂದಲ ತಪ್ಪಿಲ್ಲವೆನ್ನಿ. ಪವಾರರು, ಚವ್ಹಾಣರು, ಜಾಧವರು ಮರಾಠರಲ್ಲೂ ಇದ್ದಾರೆ.

ಜಗಳೂರಿನ ಸ್ಥಿತಿ ಇದಕ್ಕೆ ತಿರುವುಮುರುವು. ಅಲ್ಲಿ ನಾಯಕ ಎಂಬುದು ಸಮುದಾಯದ ಹೆಸರು. ಬೇಡ, ವಾಲ್ಮೀಕಿ ಎಂದೂ ಅವರನ್ನೇ ಕರೆಯುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಹತ್ತಿದಂತೆ ಮ್ಯಾಸಬೇಡರು, ಊರಬೇಡರು ಎಂಬ ಒಳಭೇದ ಬೇರೆ. 2008ರಿಂದ ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆದರೆ ಅಲ್ಲಿಯ ಹಳ್ಳಿಯ ಒಂದು ಮತದಾರರ ಪಟ್ಟಿ ತೆರೆದು ನೋಡಿ: ತಿಪ್ಪೇಸ್ವಾಮಿ, ಓಬಣ್ಣ, ಬೋರಯ್ಯ, ಪಾಲಯ್ಯ. ಹೆಸರಿನ ಮುಂದೆ ಊರಿನದೋ ಅಪ್ಪನದೋ ಇನಿಷಿಯಲ್, ಹಿಂದೆ ಏನೂ ಇಲ್ಲ. ನಾಯಕ ಸಮುದಾಯದ ಬಹಳಷ್ಟು ಜನರ ಹೆಸರಿನಲ್ಲಿ ನಾಯಕ ಇಲ್ಲ, ಹೆಸರಿನಲ್ಲಿ ನಾಯಕ ಇರುವ ಬಹಳಷ್ಟು ಜನ ಆ ಸಮುದಾಯದವರಲ್ಲ. ಮದುವೆಯ ಪ್ರಸ್ತಾಪ ಬಂದಾಗ ಇಲ್ಲಿಯೂ ಕೇಳುವುದು ಬೆಡಗನ್ನು, ಅಂದರೆ ಒಳಕುಲವನ್ನು. ದುರ್ಗದ ಅರಸರನ್ನು ಕಾಮಗೇತಿ ವಂಶದವರೆನ್ನುತ್ತಾರಲ್ಲ, ಗುರುತು ಹಿಡಿಯುವ ಹೆಸರು ಅದು. ನಾಯಕ ಬಿರುದು. ಕೆಲವರು ಕಾಗುಣಿತದಿಂದ ಪತ್ತೆ ಮಾಡುತ್ತೇವೆನ್ನುತ್ತಾರೆ: 'ನಾಯಕ' ಬರೆದರೆ ಜಗಳೂರು ಕಡೆ, 'ನಾಯ್ಕ' ಬರೆದರೆ ತಾಂಡಾ. ಒಂದನೇ ತರಗತಿಗೆ ಸೇರಿಸಿಕೊಂಡ ಮೇಷ್ಟ್ರ ಕೈಬರಹದ ಮೇಲೆ ನಿಂತ ಸಂಶೋಧನೆ ಅದು. ಒಂದೇ ಮನೆಯ ಅಣ್ಣನ ಅಂಕಪಟ್ಟಿಯಲ್ಲಿ ನಾಯ್ಕ, ತಮ್ಮನದರಲ್ಲಿ ನಾಯಕ್ ಇರುವುದು ಯಾವ ಊರಲ್ಲೂ ಅಪರೂಪವಲ್ಲ.

ಘಟ್ಟ ಇಳಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಕರಾವಳಿಯಲ್ಲಿ ಗೌಡ ಸಾರಸ್ವತ ಬ್ರಾಹ್ಮಣರಲ್ಲಿ ನಾಯಕರಿದ್ದಾರೆ, ಅಂಕೋಲೆಯ ನಾಡವರಲ್ಲಿದ್ದಾರೆ, ನಾಮಧಾರಿಗಳಲ್ಲಿ ನಾಯ್ಕರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಒಂದೇ ಕಾಲಕ್ಕೆ ಇಬ್ಬರು ನಾಯಕರು ಕನ್ನಡ ಪಾಠ ಹೇಳಿದರು: ತೀರ್ಥಹಳ್ಳಿ ಸೀಮೆಯ ಹಾರೋಗದ್ದೆಯ ಹಾ.ಮಾ. ನಾಯಕ, ಅಂಕೋಲೆಯ ಸೂರ್ವೆಯ ಜಿ.ಎಚ್. ನಾಯಕ. ಹೆಸರಿನ ಕೊನೆ ಒಂದೇ ಆದ್ದರಿಂದ ಇವರು ದಾಯಾದಿಗಳಿರಬೇಕೆಂದು ಅವರ ವಿದ್ಯಾರ್ಥಿಗಳು ಯಾರೂ ಎಣಿಸಿರಲಾರರು. ತೆಲುಗಿನ ನಾಯುಡು, ತಮಿಳಿನ ನಾಯ್ಕರ್ ಇದೇ ಪದದ ಕವಲುಗಳು. ತಮಿಳುನಾಡಿನಲ್ಲಿ ತೆಲುಗು ಮೂಲದ ಬಲಿಜರೂ ನಾಯ್ಕರ್, ಉತ್ತರ ಭಾಗದ ವನ್ನಿಯರೂ ನಾಯ್ಕರ್. ಮನೆಯಲ್ಲಿ ಕನ್ನಡವಾಡುತ್ತಿದ್ದ ಈರೋಡಿನ ಬಲಿಜ ಕುಟುಂಬದ ರಾಮಸ್ವಾಮಿ ನಾಯ್ಕರ್ 1920ರ ದಶಕದ ಕೊನೆಯಲ್ಲಿ ಆ ಬಾಲ ಕಳಚಿಹಾಕಿ ಬರೀ ಇ.ವಿ. ರಾಮಸ್ವಾಮಿಯಾದರು, ಜನಕ್ಕೆ ಪೆರಿಯಾರ್ ಆದರು.

ಪೆರಿಯಾರರ ಹಾಗೆ ಎಲ್ಲರೂ ಬಿಟ್ಟುಬಿಡಲಿ, ತಕರಾರೇ ಮುಗಿಯುತ್ತದೆ ಎನ್ನುವವರಿದ್ದಾರೆ. ಈ ಮಾತನ್ನು ಹೇಳುವವರು ಯಾರೆಂದು ನೋಡಬೇಕು. ಬೇಡ ಎಂಬ ಪದವನ್ನು ಬೈಗುಳದಂತೆ ಕೇಳಿಸಿಕೊಂಡ ಮನೆಯವನೊಬ್ಬ ಮಗನಿಗೆ ನಾಯಕ ಎಂದು ಬರೆಸುವಾಗ, 'ಏ ಲಂಬಾಣಿ' ಎಂದು ಕೂಗಿಸಿಕೊಂಡ ಅಪ್ಪ ಶಾಲೆಯಲ್ಲಿ ನಾಯ್ಕ ಎಂದು ಬರೆಸುವಾಗ ಅವರು ಜಾತಿಯನ್ನು ಮೆರೆಸುತ್ತಿರಲಿಲ್ಲ. ಗೌರವದ ಒಂದು ಮಾತು ತಮ್ಮ ಹೆಸರಿನಲ್ಲಿ ಇರಲಿ ಎಂದು ಬಯಸಿದರು. ಶರ್ಮ, ಭಟ್ಟ, ಗೌಡ, ಪಾಟೀಲ ಇರುವ ಹಾಜರಿ ಪುಸ್ತಕದಲ್ಲಿ ಅವರಿಗೆ ಮಾತ್ರ ಬಿಡಲು ಹೇಳುವುದು ಸರಿಯಲ್ಲ. ಹೆಸರನ್ನು ಇಟ್ಟುಕೊಳ್ಳುವ ಹಕ್ಕು ಒಪ್ಪುತ್ತೇನೆ. ಹೆಸರನ್ನು ಸಾಕ್ಷಿಯಾಗಿ ಮುಂದಿಡುವುದನ್ನು, ಅದಕ್ಕಿಂತ ಹೆಚ್ಚಾಗಿ ಸಾಕ್ಷಿಯಾಗಿ ಕೇಳುವುದನ್ನು ಒಪ್ಪುವುದಿಲ್ಲ.

ಏಕೆಂದರೆ ಇದರ ಬೆಲೆ ತೆರುವುದು ತಾಲ್ಲೂಕು ಕಚೇರಿಯಲ್ಲಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಎಂಬ ಪದ ಬಂದ ದಾರಿ ಬಹಳ ಜನಕ್ಕೆ ತಿಳಿಯದು. ಅದು ಮೊದಲು ಬಂದದ್ದು ಚಿತ್ರದುರ್ಗದಿಂದಲ್ಲ, ಮುಂಬಯಿ ಪ್ರಾಂತದ ಪಟ್ಟಿಯಿಂದ. ನಾಯ್ಕಡಾ, ನಾಯಕ, ಚೋಳಿವಾಲಾ ನಾಯಕ, ಕಪಾಡಿಯಾ ನಾಯಕ, ಮೋಟಾ ನಾಯಕ, ನಾನಾ ನಾಯಕ ಎಂಬ ಆ ಸಾಲನ್ನು ಓದಿದರೇ ಗುಜರಾತಿನ ವಾಸನೆ ಬಡಿಯುತ್ತದೆ. ನಾಯ್ಕಡಾ ಎಂಬುವರು ಪಂಚಮಹಲ್ ಕಡೆಯ ಕಾಡಿನ ಜನ. ಜಗಳೂರಿನ ಬೇಡರಿಗೂ ಅವರಿಗೂ ಪದದ ನಂಟು ಬಿಟ್ಟರೆ ಬೇರೆ ನಂಟಿಲ್ಲ. ನಮ್ಮವರು ಆ ಪಟ್ಟಿಯ 'ನಾಯಕ' ನಾವೇ ಎಂದು ಹೇಳಿ ವರ್ಷಗಟ್ಟಲೆ ಅಲೆದರು. ಕೊನೆಗೆ 1991ರ ತಿದ್ದುಪಡಿಯಲ್ಲಿ ಸಂಸತ್ತು ಅದೇ ಸಾಲಿಗೆ ನಾಯಕ್, ನಾಯ್ಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಪದಗಳನ್ನು ಸೇರಿಸಿತು. ನ್ಯಾಯವಾಗಿ ಸಿಗಬೇಕಾದವರಿಗೆ ಸಿಕ್ಕಿತು. ಆದರೆ ಸೇರಿಸಿದ ಐದು ಪದಗಳಲ್ಲಿ ಎರಡು ಬರೀ ಅಡ್ಡಹೆಸರುಗಳು, ಕರಾವಳಿಯಿಂದ ತಾಂಡಾದವರೆಗೆ ಯಾರು ಬೇಕಾದರೂ ಹೊತ್ತಿರಬಹುದಾದವು. ಬೇಡ, ವಾಲ್ಮೀಕಿ ಎಂದಷ್ಟೇ ಬರೆದಿದ್ದರೆ ತಕರಾರು ಅರ್ಧ ಕಡಿಮೆಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಪಾಠ ಕಲಿತೆವೇ ಎಂದರೆ, 2020ರಲ್ಲಿ ಅದೇ ಸಾಲಿಗೆ ಪರಿವಾರ, ತಳವಾರ ಸೇರಿದವು. ತಳವಾರ ಎಂಬುದೂ ಹುದ್ದೆಯ ಹೆಸರು, ಊರ ಕಾವಲಿನದು. ಯಾವ ಊರಲ್ಲಿ ಯಾವ ಸಮುದಾಯದವರು ತಳವಾರಿಕೆ ಮಾಡಿದರೋ ಅವರಿಗೆಲ್ಲ ಆ ಹೆಸರು ಬಂದಿದೆ. ವಿಜಯಪುರ, ಕಲಬುರಗಿ ಕಡೆ 'ಯಾವ ತಳವಾರ' ಎಂಬ ಜಗಳ ಶುರುವಾಗಲು ತಡವಾಗಲಿಲ್ಲ. ಪರಿಶಿಷ್ಟ ಪಂಗಡದ ಮೀಸಲಾತಿ ರಾಜ್ಯದಲ್ಲಿ ಶೇಕಡಾ 3ರಿಂದ 7ಕ್ಕೆ ಏರಿದ್ದು 2022ರಲ್ಲಿ. ಪಾಲು ಹೆಚ್ಚಾದಂತೆ ಪದದ ಮೇಲಿನ ಎಳೆದಾಟವೂ ಹೆಚ್ಚುವುದು ಸಹಜ.

ನ್ಯಾಯಾಲಯಗಳಿಗೂ ಇದು ಸುಲಭವಾಗಿಲ್ಲ. 1960ರ ದಶಕದಲ್ಲಿ ಬೆಂಗಳೂರಿನ ಮೀಸಲು ಕ್ಷೇತ್ರವೊಂದರ ಚುನಾವಣಾ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು: ಬಿ. ಬಸವಲಿಂಗಪ್ಪ ಒಂದು ಕಡೆ, ಡಿ. ಮುನಿಚಿನ್ನಪ್ಪ ಇನ್ನೊಂದು ಕಡೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಭೋವಿ ಎಂದಿದೆ, ಮುನಿಚಿನ್ನಪ್ಪ ವಡ್ಡರು. ಭೋವಿ ಎಂಬ ಹೆಸರಿನ ಬೇರೊಂದು ಜಾತಿ ಹಳೇ ಮೈಸೂರಿನಲ್ಲಿ ಇರಲಿಲ್ಲ, ವಡ್ಡರೇ ಆ ಹೆಸರು ಪಡೆದವರು ಎಂಬ ಸಾಕ್ಷ್ಯವನ್ನು ಕೋರ್ಟು ಒಪ್ಪಿತು. ಮುಂದೆ ಮಹಾರಾಷ್ಟ್ರದ ಹಲ್ಬಾ-ಕೋಷ್ಟಿ ಪ್ರಕರಣದಲ್ಲಿ ಸಂವಿಧಾನ ಪೀಠ ಪಟ್ಟಿಯ ಪದವನ್ನು ಇದ್ದಂತೆಯೇ ಓದಬೇಕು, ಕೂಡಿಸುವುದು ಕಳೆಯುವುದು ಸಂಸತ್ತಿನ ಕೆಲಸ ಎಂದು ಬಿಗಿ ಮಾಡಿತು. ಎರಡನ್ನೂ ಸೇರಿಸಿ ಓದಿದರೆ ಗ್ರಾಮ ಲೆಕ್ಕಿಗನ ಕೆಲಸ ಸ್ಪಷ್ಟವಾಗುತ್ತದೆ: ಪದ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಒಂದು, ಅರ್ಜಿದಾರ ಆ ಪದ ಸೂಚಿಸುವ ಜನಕ್ಕೆ ಸೇರಿದವನೇ ಎಂದು ನೋಡುವುದು ಇನ್ನೊಂದು. ಎರಡನೆಯದಕ್ಕೆ ಅಜ್ಜನ ಶಾಲಾ ದಾಖಲಾತಿ, ವಂಶವೃಕ್ಷ, ಊರಲ್ಲಿ ಮಹಜರು, ಬೆಡಗು ಯಾವುದು, ದೇವರು ಯಾವುದು, ಯಾರ ಮನೆಗೆ ಹೆಣ್ಣು ಕೊಟ್ಟು ತಂದಿದ್ದಾರೆ ಎಂಬ ವಿಚಾರಣೆ ಬೇಕು. ನ್ಯಾಮತಿಯ ಲಂಬಾಣಿ ಹುಡುಗ ಪರಿಶಿಷ್ಟ ಜಾತಿ, ಜಗಳೂರಿನ ಬೇಡ ಹುಡುಗ ಪರಿಶಿಷ್ಟ ಪಂಗಡ, ಕುಮಟೆಯಿಂದ ವರ್ಗವಾಗಿ ಬಂದವರ ಮಗ ಎರಡೂ ಅಲ್ಲ. ಮೂವರ ಆಧಾರ್ ಕಾರ್ಡಿನಲ್ಲೂ ಇಂಗ್ಲಿಷಿನ ಅದೇ ನಾಲ್ಕೈದು ಅಕ್ಷರ.

ಕಚೇರಿಗಿಂತ ವೇದಿಕೆಯಲ್ಲಿ ಆಗುವ ಅನಾಹುತ ಸಣ್ಣದೇನಲ್ಲ. ಹೆಸರಿನ ಕೊನೆಗೆ ನಾಯಕ ಇದ್ದ ಪ್ರತಿ ಅರಸನನ್ನೂ ತಮ್ಮವನೆಂದು ಬರೆದುಕೊಳ್ಳುವ ಪುಸ್ತಕಗಳು ಬರುತ್ತಿವೆ. ಕೆಳದಿಯಿಂದ ಮಧುರೆಯವರೆಗೆ ಒಂದೇ ರಕ್ತ ಎಂಬ ಭಾಷಣಗಳೂ ನಡೆಯುತ್ತವೆ. ದುರ್ಗದ ಅರಸರ ಬಗ್ಗೆ ಬೇಡ ಸಮುದಾಯಕ್ಕೆ ಇರುವ ಹೆಮ್ಮೆಗೆ ಇಂಥ ಊರುಗೋಲು ಬೇಕಿಲ್ಲ; ಎರಡು ಶತಮಾನ ಕೋಟೆ ಕಾಯ್ದು, 1779ರಲ್ಲಿ ಹೈದರಾಲಿಗೆ ಸೋಲುವವರೆಗೂ ಜಗ್ಗದೆ ನಿಂತ ಚರಿತ್ರೆ ಅವರದು. ಬಂಜಾರರ ನಾಯ್ಕನಿಗೂ ಪಾಳೆಯಗಾರನ ಕಿರೀಟ ತೊಡಿಸಬೇಕಿಲ್ಲ. ಸಾವಿರಾರು ಎತ್ತುಗಳನ್ನು ಬರ, ಯುದ್ಧಗಳ ನಡುವೆ ದಾಟಿಸಿಕೊಂಡು ಹೋದವನ ಯಜಮಾನಿಕೆ ಕೋಟೆ ಆಳುವುದಕ್ಕಿಂತ ಕಡಿಮೆಯ ಕೆಲಸವೇ? ಎಲ್ಲರನ್ನೂ ಒಂದೇ ವಂಶಕ್ಕೆ ತಂದು ಕಟ್ಟಿದಾಗ ಮೊದಲು ಕಳೆದುಹೋಗುವುದು ಇಂಥ ಬೇರೆ ಬೇರೆ ಬದುಕುಗಳ ವಿವರ.

ಈ ನಡುವೆ ಹೊಸ ಹೆಸರುಗಳೂ ಹುಟ್ಟುತ್ತಿವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಇದೆ. ಇನಿಷಿಯಲ್ ಮಾತ್ರ ಇರುವ ಜಗಳೂರು, ಚನ್ನಗಿರಿಯ ಹುಡುಗರಿಗೆ ಅಲ್ಲಿ ಏನು ತುಂಬುವುದೆಂದು ತಿಳಿಯದು. ಒಬ್ಬ ಅಪ್ಪನ ಹೆಸರು ಹಾಕುತ್ತಾನೆ, ಒಬ್ಬ ಊರಿನ ಹೆಸರು, ಮತ್ತೊಬ್ಬ ಆ ದಿನವೇ ಯೋಚಿಸಿ ನಾಯಕ ಎಂದು ಬರೆಯುತ್ತಾನೆ. ಓಬಣ್ಣನ ಮೂವರು ಮಕ್ಕಳು ಬೇರೆ ಬೇರೆ ವರ್ಷ ಅರ್ಜಿ ಹಾಕಿದರೆ ಒಬ್ಬ ಓಬಣ್ಣ, ಒಬ್ಬ ಜಗಳೂರು, ಒಬ್ಬ ನಾಯಕ ಆಗಿ ವಿಮಾನ ಹತ್ತುವುದು ಕಷ್ಟದ ಮಾತಲ್ಲ. ವಿದೇಶದಲ್ಲಿ ಹುಟ್ಟುವ ಅವರ ಮಕ್ಕಳಿಗೆ ಆಯಾ ಖಾನೆಯಲ್ಲಿದ್ದದ್ದೇ ಮನೆತನದ ಹೆಸರು.